ಹಟ್ಟಿಗೊಂದು ಸೀಲು

ಚಿತ್ರದುರ್ಗ, ಜನವರಿ 9

ಜನವರಿ ಒಂಬತ್ತು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ನಾನು ಇಳಿಯಬೇಕಾಗಿದ್ದದ್ದು ಹಿರಿಯೂರಿನಲ್ಲಿ. ಇಳಿದದ್ದು ಚಿತ್ರದುರ್ಗದಲ್ಲಿ. ಮಸ್ಕತ್ತಿನಿಂದ ಬೆಂಗಳೂರಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸು ಹತ್ತಿ ಗಾಢವಾಗಿ ನಿದ್ದೆ ಮಾಡಿದ್ದರ ಫಲ ಇದು.

"ಹಿರಿಯೂರು ಹಿರಿಯೂರು ಅಂತ ಅಷ್ಟ್ ಕೂಗಿದ್ನಲ್ಲಮ್ಮ" ಎಂದರು ಕಂಡಕ್ಟರು. "ನಿಮ್ಮ ಪಕ್ಕದೋರು ಎದ್ದು ಇಳಿದ್ರು. ನೀವು ಮಾತ್ರ ಜಪ್ಪಯ್ಯ ಅನ್ಲಿಲ್ಲ."

ಬಿಸಿ ಚಹಾ ಕುಡಿಯುತ್ತ ದಿನಚರಿ ತೆಗೆದು ಈ ಪ್ರವಾಸದ ಮೊದಲ ಲೆಕ್ಕ ಬರೆದೆ: ತಪ್ಪು ನಿಲ್ದಾಣ, ಒಂದು. ಎದುರಿಗೆ ಮಂಜಿನಲ್ಲಿ ಕೋಟೆಯ ಬೆಟ್ಟ ಅರ್ಧ ಕಾಣುತ್ತಿತ್ತು. ಇಲ್ಲಿಯವರೆಗೆ ಬಂದಿದ್ದೇನೆ, ಚಂದ್ರವಳ್ಳಿಯನ್ನಾದರೂ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು.

"ಎಲ್ಲಿದೀಯೇ?"

"ದುರ್ಗದಲ್ಲಿ."

"ದುರ್ಗದಾಗೆ ನಿಂಗೇನ್ ಕೆಲ್ಸ? ಐಮಂಗಲದ ಬಸ್ ಹಿಡಿದು ವಾಪಸ್ ಬಾ. ಗುಡ್ಡ ಎಲ್ಲೂ ಹೋಗಲ್ಲ. ಎಲೆಕ್ಷನ್ನು ಹೋಗುತ್ತೆ."

ಮಸ್ಕತ್ತಿನ ನಮ್ಮ ಕನ್ನಡ ಬಳಗದ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ನನ್ನಂತೆಯೇ ಊರನ್ನು ರಜೆಯಲ್ಲಿ ನೋಡಿದವರು. ಆದ್ದರಿಂದ ಮೊದಲೇ ಹೇಳುತ್ತೇನೆ: ಇದು ಕೋಟೆಯ ಪ್ರವಾಸವಲ್ಲ. ನನ್ನ ತಾಯಿಯ ತಂಗಿ ಕೆಂಚಮ್ಮ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತಿದ್ದರು. ಅದನ್ನು ನೋಡಲು ಹೋದೆ.

ಹಟ್ಟಿ, ಜನವರಿ 9 ಮತ್ತು 10

ಐಮಂಗಲದಲ್ಲಿ ಹೆದ್ದಾರಿ ಬಿಟ್ಟು ಆಟೊದಲ್ಲಿ ಒಳಕ್ಕೆ ಹೋದರೆ ಮೊದಲು ದೊಡ್ಡ ಊರು ಸಿಗುತ್ತದೆ. ಅದನ್ನು ದಾಟಿ, ಜಾಲಿ ಗಿಡಗಳ ನಡುವೆ ಇನ್ನೂ ಒಂದಷ್ಟು ದೂರ ಹೋದರೆ ಚಿಕ್ಕಮ್ಮನ ಹಟ್ಟಿ. ಕುರಿ ಸಾಕುವವರ ಮನೆಗಳು. ಊರಿಗೂ ಹಟ್ಟಿಗೂ ಸೇರಿ ಒಂದೇ ವಾರ್ಡು, ಆ ವಾರ್ಡಿಗೆ ಮೂರು ಸ್ಥಾನ. ಮೂರರಲ್ಲಿ ಒಂದು ಸ್ಥಾನವೂ ಹಟ್ಟಿಗೆ ಯಾವತ್ತೂ ಸಿಕ್ಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ.

ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಚಿಕ್ಕಮ್ಮ ಬಾಯಲ್ಲಿ ಹೇಳಲಿಲ್ಲ. ಬ್ಯಾಗು ಇಡುವ ಮೊದಲೇ ನನ್ನನ್ನು ಊರಿನ ಬಸ್ ನಿಲ್ದಾಣದ ಹತ್ತಿರಕ್ಕೆ ನಡೆಸಿಕೊಂಡು ಹೋಗಿ ತೋರಿಸಿದರು. ಉದ್ದನೆಯ ಸಿಮೆಂಟಿನ ತೊಟ್ಟಿ. ಅದರ ಮೇಲೆ ಕುರಿಯ ಚಿತ್ರ, ಕೆಳಗೆ 'ಕುರಿಗಳಿಗೆ ಕುಡಿಯುವ ನೀರು' ಎಂದು ಬರೆದಿತ್ತು. ತೊಟ್ಟಿಯ ಅಂಚಿನಲ್ಲಿ ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬ ಬೈಕು ತೊಳೆಯುತ್ತಿದ್ದ.

"ಕುರಿ ಎಲ್ಲಿ?" ಎಂದೆ.

"ಅದನ್ನೇ ನಾನೂ ಕೇಳೋದು. ನೂರು ಕುರಿ ಹೊಡ್ಕಂಡು ಊರ ಮಧ್ಯಕ್ಕೆ ಬಸ್ ಸ್ಟ್ಯಾಂಡಿಗೆ ಬರಾಕೆ ಆಗ್ತೈತಾ? ಪಂಚಾಯ್ತಿ ಮೀಟಿಂಗಿನಾಗೆ ತೊಟ್ಟಿ ಎಲ್ಲಿ ಕಟ್ಟಾಣ ಅಂದಾಗ, ಬಸ್ ಸ್ಟ್ಯಾಂಡಿನ ಹತ್ರ ನೀರಿನ ಪೈಪ್ ಐತೆ ಅಂದ್ರಂತೆ. ಕುರಿ ಅಲ್ಲಿಗೆ ಬರಲ್ಲ ಅನ್ನಾಕೆ ಅಲ್ಲಿ ನಮ್ಮೋರು ಒಬ್ರೂ ಕುಂತಿರ್ಲಿಲ್ಲ."

ಮತದಾನದ ಕ್ರಮವನ್ನು ಸ್ವಲ್ಪ ಹೇಳಬೇಕು. ಪಂಚಾಯ್ತಿಗೆ ಕಾಗದದ ಮತಪತ್ರ. ವಾರ್ಡಿಗೆ ಮೂರು ಸ್ಥಾನ ಇದ್ದರೆ ಪ್ರತಿಯೊಬ್ಬರಿಗೂ ಮೂರು ಮತ. ಒಂದೇ ಹಾಳೆಯ ಮೇಲೆ ಮೂವರ ಗುರುತಿನ ಮುಂದೆ ಸೀಲು ಒತ್ತಬಹುದು. (ಮೀಸಲು ಸ್ಥಾನಗಳ ಲೆಕ್ಕ ಬೇರೆ ಇದೆ. ಚಿಕ್ಕಮ್ಮ ನಿಂತದ್ದು ಯಾರು ಬೇಕಾದರೂ ನಿಲ್ಲಬಹುದಾದ ಸ್ಥಾನಕ್ಕೆ, ಆದ್ದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.) ಊರಿನಲ್ಲಿ ಮತದಾರರು ಹೆಚ್ಚು. ಅವರು ತಮ್ಮ ಮೂರನ್ನೂ ಊರಿನವರಿಗೇ ಒತ್ತಿದರೆ ಮೂರೂ ಸ್ಥಾನ ಊರಿಗೆ. ಯಾರೂ ಮೋಸ ಮಾಡಬೇಕಾಗಿಲ್ಲ. ನಿಯಮದ ಪ್ರಕಾರವೇ ಹಟ್ಟಿ ಮಾಯವಾಗುತ್ತದೆ.

ನನಗೆ ನಮ್ಮ ಮಸ್ಕತ್ತಿನ ಶಾಲೆ ನೆನಪಾಯಿತು. ಕನ್ನಡ ತರಗತಿಯಲ್ಲಿ ನಾವಿದ್ದದ್ದು ಆರು ಮಂದಿ. ವಿದ್ಯಾರ್ಥಿ ಸಂಘಕ್ಕೆ ನಮ್ಮಿಂದ ಒಬ್ಬರೂ ಆರಿಸಿ ಬರಲಿಲ್ಲ. ವಾರ್ಷಿಕೋತ್ಸವದಲ್ಲಿ ನಮ್ಮ ಹಾಡಿಗೆ ಪ್ರತಿ ವರ್ಷವೂ ಊಟದ ಬಿಡುವಿನ ಹೊತ್ತನ್ನೇ ಕೊಡುತ್ತಿದ್ದರು.

ಆದರೆ ಹೋದ ಸಲದ ಸೋಲಿಗೆ ಊರು ಪೂರ್ತಿ ಕಾರಣವಾಗಿರಲಿಲ್ಲ. ಹೋದ ಸಲ ನಿಂತವರು ಚಿಕ್ಕಮ್ಮನ ಮಾವ ಚಿತ್ತಜ್ಜ. ಮೂರನೆಯ ಸ್ಥಾನ ಗೆದ್ದದ್ದು ಊರಿನ ಅಂಗಡಿ ಮಲ್ಲಣ್ಣ. ಅಜ್ಜ ಸೋತದ್ದು ಒಂಬತ್ತು ಮತಗಳಿಂದ. ಆಮೇಲೆ ಹಟ್ಟಿಯ ಬೇವಿನ ಕಟ್ಟೆಯ ಮೇಲೆ ಮಾತು ಬಂದಾಗ ಸಂಗತಿ ಹೊರಬಿತ್ತಂತೆ. ಹಟ್ಟಿಯ ಒಬ್ಬೊಬ್ಬರೂ ಅಜ್ಜನಿಗೆ ಒಂದು ಸೀಲು ಒತ್ತಿ, ಉಳಿದ ಎರಡನ್ನು ಊರಿನವರಿಗೆ ಒತ್ತಿ ಬಂದಿದ್ದರು. ಬಹಳ ಜನ ಮಲ್ಲಣ್ಣನಿಗೇ ಒತ್ತಿದ್ದರು.

"ಯಾಕಜ್ಜ?" ಎಂದು ಕೇಳಿದೆ.

"ಮೂರು ಕೊಟ್ಟವ್ರೆ. ಎರಡು ಹಂಗೇ ವಾಪಸ್ ಕೊಡಾಕೆ ಚೆನ್ನಾಗಿರುತ್ತಾ?" ಎಂದರು ಅಜ್ಜ. "ನಾನೂ ಮಲ್ಲಣ್ಣಂಗೆ ಒಂದು ಒತ್ತಿದ್ದೆ. ದಿನಾ ಅವನ ಅಂಗಡೀಲೇ ಬೀಡಿ ತಗಳೋದು."

ಇದು ನನಗೆ ಅರ್ಥವಾಗಲು ಒಂದು ಡಬ್ಬಿ ಬೇಕಾಯಿತು. ನಾನು ತಂದ ಖರ್ಜೂರದ ಡಬ್ಬಿಗಳಲ್ಲಿ ಒಂದನ್ನು ಪಕ್ಕದ ಮನೆಗೆ ಕೊಟ್ಟಿದ್ದೆ. ಸಂಜೆ ಆ ಡಬ್ಬಿ ಹುರಿದ ಶೇಂಗಾ ತುಂಬಿಕೊಂಡು ವಾಪಸ್ ಬಂತು. ಬರಿ ಪಾತ್ರೆಯನ್ನು ವಾಪಸ್ ಕೊಡುವ ಪದ್ಧತಿ ಹಟ್ಟಿಯಲ್ಲಿ ಇಲ್ಲ. ಮಜ್ಜಿಗೆ ಬಂದ ಚೊಂಬು ಬೆಲ್ಲದ ತುಣುಕನ್ನಾದರೂ ಹೊತ್ತು ಹೋಗುತ್ತದೆ. ಹಟ್ಟಿಯವರು ಮತಪತ್ರವನ್ನೂ ಬರಿದಾಗಿ ಕೊಟ್ಟಿರಲಿಲ್ಲ, ಅಷ್ಟೆ. ಆ ಸೌಜನ್ಯವೇ ಅವರ ಸ್ಥಾನವನ್ನು ತಿಂದಿತ್ತು.

ಈ ಸಲ ಚಿಕ್ಕಮ್ಮನಿಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಅವರು ಕಟ್ಟೆಯ ಮೇಲೆ ನಿಂತು ಒಂದೇ ಮಾತು ಹೇಳಿದರು: "ಒಂದೇ ಸೀಲು. ಹೊಲಿಗೆ ಮಿಷನ್ನಿಗೆ. ಉಳಿದ ಎರಡು ಖಾಲಿ. ಯಾರೂ ನಾಚ್ಕಬ್ಯಾಡ್ರಿ."

"ನಿಂಗೆ ಗುಂಡಿ ಹಾಕಾಕೆ ಬರಲ್ಲ, ಹೊಲಿಗೆ ಮಿಷನ್ ಯಾಕ್ ತಗಂಡೆ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಅವರು ಕೊಟ್ಟಿದ್ದು ತಗಂಡೆ. ಗೆದ್ದ ಮೇಲೆ ಕಲೀತೀನಿ, ಸುಮ್ನಿರು."

ಮರುದಿನ ಅವರ ಜೊತೆ ಊರಿಗೂ ಹೋದೆ. ಅಲ್ಲಿ ಪ್ರತಿ ಬಾಗಿಲಲ್ಲೂ ಚಿಕ್ಕಮ್ಮ ಕೇಳಿದ್ದು ಹೀಗೆ: "ನಿಮಗೆ ಮೂರು ಅವೆ. ಎರಡು ನಿಮ್ಮೂರಿಗೆ ಇಟ್ಕಳ್ರಿ. ಒಂದು ನಮ್ಮ ಹಟ್ಟಿಗೆ ಕೊಡ್ರಿ." ತೊಟ್ಟಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ಕೇಳಿದರು: "ನಾವು ಒಂದು ಕೊಟ್ರೆ ನೀವೇನ್ ಕೊಡ್ತೀರೇ?"

"ಏನೂ ಕೊಡಲ್ಲ ಕಣಜ್ಜಿ. ಈ ಸಲ ನಮ್ಮೋರು ಒಂದೇ ಒತ್ತೋದು. ಹೋದ ಸಲ ಮೂರೂ ಒತ್ತಿ ಕೆಟ್ವಿ."

ವಾಪಸ್ ಬರುವಾಗ ನಾನು ಸಿಟ್ಟಾದೆ. ಇದನ್ನು ಹೇಳಬೇಕಾಗಿರಲಿಲ್ಲ, ಹೇಳಿದರೆ ಊರಿನವರು ಒಂದೂ ಕೊಡುವುದಿಲ್ಲ ಎಂದೆ. ಚಿಕ್ಕಮ್ಮ ನಡೆಯುತ್ತಲೇ ಉತ್ತರ ಕೊಟ್ಟರು.

"ಕೇಳಿದ್ರು, ಹೇಳ್ದೆ. ನಾಳೆ ಗೆದ್ರೆ ಆ ಅಜ್ಜಿಗೂ ನಾನೇ ಮೆಂಬರು. ಸುಳ್ಳು ಹೇಳಿ ಗೆದ್ದು ಅವಳ ಮುಖ ಹೆಂಗ್ ನೋಡ್ಲಿ?"

ಹೊಸದುರ್ಗ, ಜನವರಿ 11

ಇನ್ನೊಂದು ತೊಂದರೆ ಇತ್ತು. ಚಿಕ್ಕಪ್ಪ ಕರಿಯಣ್ಣ ಮತ್ತು ಹಟ್ಟಿಯ ಇನ್ನೂ ಮೂವರು ಕುರಿ ಹೊಡೆದುಕೊಂಡು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಕಡೆಗೆ ಹೋಗಿದ್ದರು. ಕೊಯ್ಲು ಮುಗಿದ ಹೊಲಗಳಲ್ಲಿ ಕುರಿ ತರುಬುತ್ತಾರೆ, ಅಂದರೆ ರಾತ್ರಿ ಹೊತ್ತು ಹೊಲದಲ್ಲೇ ಮಲಗಿಸುತ್ತಾರೆ. ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಬೇಸಿಗೆ ಕಳೆಯುವ ತನಕ ಅವರು ಹಟ್ಟಿಗೆ ಬರುವುದಿಲ್ಲ. ಅವರ ಹೆಸರು ಹಟ್ಟಿಯ ಮತದಾರರ ಪಟ್ಟಿಯಲ್ಲಿ ಇರುತ್ತದೆ, ಅವರು ಮಾತ್ರ ಇರುವುದಿಲ್ಲ.

ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ನಾಲ್ಕು ಜನಾನೂ ಬಂದ್ರೆ ಕುರಿ ಯಾರು ಕಾಯ್ತಾರೆ? ಇಬ್ರು ಬತ್ತೀವಿ ಬಿಡು."

"ನನಗಂತೂ ಓಟಿಲ್ಲ" ಎಂದೆ. ಮಾತು ಬಾಯಿಂದ ಹೊರಟ ಮೇಲೆ ಅದರ ಅರ್ಥ ನನಗೇ ತಿಳಿಯಿತು: ಓಟಿಲ್ಲದವಳು ಕುರಿ ಕಾಯಬಹುದು. ಚಿಕ್ಕಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಆ ಚಪ್ಲಿ ಬಿಚ್ಚಿಟ್ಟು ನನ್ನದು ಹಾಕ್ಕಂಡು ಹೋಗು" ಎಂದರು.

ಹೀಗೆ ಹಿರಿಯೂರಿಗೆ ಹೋಗಿ, ಅಲ್ಲಿಂದ ಹೊಸದುರ್ಗದ ಬಸ್ಸು ಹತ್ತಿದೆ. ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮೊದಲನೇ ಹಂತದಲ್ಲೇ ಮತದಾನ ಮುಗಿದಿತ್ತು. ನಮ್ಮದು ಎರಡನೇ ಹಂತ. ಹೊಸದುರ್ಗದ ನಿಲ್ದಾಣದಲ್ಲಿ ರಾಮಗಿರಿಯ ಬಸ್ಸು ಹತ್ತಿದವರೆಲ್ಲರ ಎಡಗೈ ಬೆರಳಲ್ಲಿ ಮಸಿ. ಸರಳು ಹಿಡಿದು ನಿಂತ ಎಡಗೈಗಳನ್ನು ಎಣಿಸಿದೆ: ಹದಿನಾಲ್ಕು ಕೈ, ಹದಿಮೂರರಲ್ಲಿ ಮಸಿ. ಹದಿನಾಲ್ಕನೆಯದು ನನ್ನದು.

ಪಕ್ಕದ ಹೆಂಗಸು ನೋಡಿಬಿಟ್ಟರು. "ನಿಮ್ಮ ಓಟು ಎಲ್ಲಿ?"

ಇಡೀ ಪ್ರವಾಸದಲ್ಲಿ ಈ ಪ್ರಶ್ನೆಯನ್ನು ನನಗೆ ಹನ್ನೊಂದು ಬಾರಿ ಕೇಳಿದ್ದಾರೆ. ಮಸ್ಕತ್ತಿನ ನಮ್ಮ ಕಟ್ಟಡದಲ್ಲಿ ಬಾಡಿಗೆ ಮನೆ ಯಾವ ಮಹಡಿಯಲ್ಲಿ ಎಂದು ಕೇಳುತ್ತಾರೆ, ಕೆಲಸ ಎಲ್ಲಿ ಎಂದು ಕೇಳುತ್ತಾರೆ. ಓಟು ಎಲ್ಲಿ ಎಂದು ಇಪ್ಪತ್ಮೂರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. "ಎಲ್ಲೂ ಇಲ್ಲ" ಎಂದೆ. ಆಕೆ ನನಗೆ ಏನೋ ಕಾಯಿಲೆ ಇದೆ ಎಂಬಂತೆ "ಅಯ್ಯೋ ಪಾಪ" ಎಂದು ಸರಿದು ಜಾಗ ಕೊಟ್ಟರು.

ರಾಮಗಿರಿ, ಜನವರಿ 11 ಮತ್ತು 12

ಗುಡ್ಡದ ಕೆಳಗೆ, ರೈಲು ಹಳಿಯಿಂದ ಸ್ವಲ್ಪ ದೂರದಲ್ಲಿ ಮೆಕ್ಕೆಜೋಳ ಕೊಯ್ದ ಹೊಲ. ಅದರಲ್ಲಿ ಬಲೆಯ ಬೇಲಿ, ಬೇಲಿಯೊಳಗೆ ಕುರಿ. ಹೊಲದ ಒಡತಿ ಶಿವಲಿಂಗಮ್ಮ, ಹಣೆಯ ಮೇಲೆ ವಿಭೂತಿ ಹಚ್ಚಿದ, ದೊಡ್ಡ ದನಿಯ ಹೆಂಗಸು. ಪ್ರತಿ ವರ್ಷ ಇದೇ ಮಂದೆ ಇವರ ಹೊಲಕ್ಕೇ ಬರುತ್ತದಂತೆ.

ನಾನು ಬಂದ ಕಾರಣ ಕೇಳಿ ಕುರಿಗಾರರು ನಾಲ್ವರೂ ನಕ್ಕರು. ಶಿವಲಿಂಗಮ್ಮ ನಗಲಿಲ್ಲ.

"ಯಾಕ್ರಿ ನಗ್ತೀರಿ? ಅಷ್ಟು ದೂರದಿಂದ ಬಂದೈತೆ ಕೂಸು. ನಮ್ಮ ಓಟು ಮುಗೀತು. ನಿಮ್ಮ ಓಟಿಗೆ ನಾವು ಕುರಿ ಕಾಯ್ತೀವಿ, ಹೋಗ್ರಿ. ನಾಲ್ಕೂ ಜನ ಹೋಗ್ರಿ."

"ಅಕ್ಕಾ, ಕುರಿ ಗುರುತಿಲ್ದೋರ ಮಾತು ಕೇಳಲ್ಲ" ಎಂದರು ಚಿಕ್ಕಪ್ಪ.

"ನಿನ್ನ ಮಾತು ಕೇಳ್ತಾವೇನಪ್ಪ? ಹೋದ ವಾರ ನಮ್ಮ ಅವರೆ ತಿಂದಿದ್ದು ಯಾರ ಮಾತು ಕೇಳಿ?"

ನಾಲ್ವರೂ ಸಂಜೆಯ ಬಸ್ಸಿಗೆ ಹೋದರು. ಹೋಗುವ ಮೊದಲು ಚಿಕ್ಕಪ್ಪ ನನಗೆ ಮೂರು ಮಾತು ಹೇಳಿದರು. ಬಿಸಿಲೇರಿದ ಮೇಲೆ ಬಲೆ ಬಿಚ್ಚು. ಗಂಟೆ ಕಟ್ಟಿದ ಟಗರಿನ ಹಿಂದೆ ಹೋಗು, ಮುಂದೆ ಹೋಗಬೇಡ. ನಾಳೆ ಸಂಜೆ ನಾವು ಬರುವಷ್ಟರಲ್ಲಿ ನೂರ ಅರವತ್ತು ಇರಬೇಕು.

ಮತದಾನದ ದಿನ ಬೆಳಿಗ್ಗೆ ಅಲ್ಲಿ ಜನ ಸಾಲಿನಲ್ಲಿ ನಿಂತಿರುವಾಗ, ನಾನು ಇಲ್ಲಿ ಮೊದಲನೆಯ ತಪ್ಪು ಮಾಡಿದೆ. ಚಳಿಗೆ ನನ್ನ ಕೇಸರಿ ಶಾಲು ಹೊದ್ದು ಬಲೆ ಬಿಚ್ಚಿದೆ. ಗಾಳಿಗೆ ಶಾಲು ಪಟಪಟ ಎಂದಿತು. ಟಗರು ಒಮ್ಮೆ ನೋಡಿ, ಬೆದರಿ, ರೈಲು ಹಳಿಯ ಕಡೆಗೆ ಓಟ ಕಿತ್ತಿತು. ಅದರ ಹಿಂದೆ ಇಡೀ ಮಂದೆ. ಅದೇ ಹೊತ್ತಿಗೆ ದೂರದಲ್ಲಿ ರೈಲಿನ ಕೂಗು ಕೇಳಿತು.

ನಾನು ಓಡಿದೆ. ಚಿಕ್ಕಮ್ಮನ ಚಪ್ಪಲಿ ಒಂದು ಎಲ್ಲೋ ಬಿತ್ತು. "ಮುಂದೆ ಓಡಬ್ಯಾಡ! ಶಾಲು ಬಿಸಾಕು!" ಎಂದು ಶಿವಲಿಂಗಮ್ಮ ಹಿಂದಿನಿಂದ ಕಿರುಚುತ್ತಿದ್ದರು. ಶಾಲು ಬಿಸಾಡಿ ನಿಂತುಬಿಟ್ಟೆ. ಹಳಿಯ ಏರಿಯನ್ನು ಟಗರು ಇನ್ನೇನು ಹತ್ತಬೇಕು, ಆಗ ಮಂದೆಯ ಕಂದು ನಾಯಿ ಸುತ್ತು ಹಾಕಿ ಹೋಗಿ ಅದರ ಮೂತಿಯೆದುರು ನಿಂತು ಬೊಗಳಿತು. ಟಗರು ತಿರುಗಿತು. ಮಂದೆ ತಿರುಗಿತು. ರೈಲು ಹೋಯಿತು, ಕಿಟಕಿಯಲ್ಲಿದ್ದ ಯಾರೋ ನನಗೆ ಕೈ ಬೀಸಿದರು.

ಶಿವಲಿಂಗಮ್ಮ ಏದುಸಿರು ಬಿಡುತ್ತ ಬಂದು ಪಕ್ಕದಲ್ಲಿ ಕುಳಿತರು. "ಕುಂತ್ಕ. ನೀರು ಕುಡಿ. ಇದನ್ನ ಕರಿಯಣ್ಣಂಗೆ ಹೇಳಬ್ಯಾಡ, ನಾನೂ ಹೇಳಲ್ಲ." ನಾಯಿಗೆ ಅರ್ಧ ರೊಟ್ಟಿ, ನನಗೆ ಒಂದೂವರೆ ರೊಟ್ಟಿ ಕೊಟ್ಟರು. ನಾಯಿಗೆ ನನ್ನ ಪಾಲು ಸಿಗಬೇಕಿತ್ತು. ಕೊನೆಗೆ ಬದಲಾಯಿಸಿಕೊಂಡೆವು.

ಆಮೇಲೆ ದಿನವಿಡೀ ನಾನು ಮಂದೆಯಿಂದ ಕಣ್ಣು ತೆಗೆಯಲಿಲ್ಲ. ಸಂಜೆ ಬಲೆಯ ಸಂದಿಯಿಂದ ಒಂದೊಂದಾಗಿ ಒಳಗೆ ಬಿಡುತ್ತ ಎಣಿಸಿದೆ. ನೂರ ಅರವತ್ತೊಂದು. ಮತ್ತೆ ಎಣಿಸಿದೆ. ನೂರ ಅರವತ್ತೊಂದೇ. ಯಾರದೋ ಕುರಿ ಸೇರಿಕೊಂಡಿದೆ, ಈಗ ಅದರ ಒಡೆಯ ಬಂದು ನನ್ನನ್ನು ಕಳ್ಳಿ ಅನ್ನುತ್ತಾನೆ ಎಂದುಕೊಂಡು ಮೂರನೆಯ ಸಲ ಎಣಿಸತೊಡಗಿದೆ.

ಅಷ್ಟರಲ್ಲಿ ನಾಲ್ವರೂ ಬಂದರು. ಬೆರಳುಗಳಲ್ಲಿ ಮಸಿ. ಚಿಕ್ಕಪ್ಪ ಎಣಿಸಲೇ ಇಲ್ಲ. ಒಳಗೆ ಕಣ್ಣಾಡಿಸಿ, ಒಂದು ಕುರಿಯ ಹೊಟ್ಟೆಯ ಕೆಳಗಿನಿಂದ ಒಂದು ಮರಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು. ಮರಿಯ ಕಾಲುಗಳು ಇನ್ನೂ ನಡುಗುತ್ತಿದ್ದವು.

"ಇದು ಬೆಳಿಗ್ಗೆ ಇರ್ಲಿಲ್ಲ ಕಣವ್ವ. ನೀನು ಕಾಯ್ತಿದ್ದಂಗೇ ಹುಟ್ಟೈತೆ. ನಿಂಗೇ ಗೊತ್ತಾಗ್ಲಿಲ್ವಾ?"

ನನಗೆ ಮರಿಗಳೆಲ್ಲ ಒಂದೇ ಥರ ಕಂಡಿದ್ದವು. ಶಿವಲಿಂಗಮ್ಮ ನಕ್ಕ ನಗು ರಾಮಗಿರಿಯ ಗುಡ್ಡಕ್ಕೂ ಕೇಳಿರಬೇಕು.

ಹಿರಿಯೂರು, ಜನವರಿ 15

ಮತ ಎಣಿಕೆ ತಾಲ್ಲೂಕು ಕೇಂದ್ರದಲ್ಲಿ. ಗೇಟಿನ ಹೊರಗೆ ಜಾತ್ರೆಯಷ್ಟು ಜನ. ಒಳಗೆ ಚಿಕ್ಕಮ್ಮ ಮತ್ತು ಅವರ ಏಜೆಂಟಾಗಿ ಚಿತ್ತಜ್ಜ. ಹೊರಗೆ ನಾನು ಮತ್ತು ಹಟ್ಟಿಯವರು. ಎಣಿಕೆ ನಿಧಾನ, ಏಕೆಂದರೆ ಒಂದೊಂದು ಹಾಳೆಯಲ್ಲೂ ಮೂರು ಸೀಲು ಹುಡುಕಬೇಕು. ಹಟ್ಟಿಯ ಹಾಳೆಗಳು ಬೇಗ ಮುಗಿಯುತ್ತವೆ ಎಂದು ಯಾರೋ ತಮಾಷೆ ಮಾಡಿದರು.

ಮತದಾನದ ದಿನ ಬಂದವರ ಹೆಸರಿಗೆ ಅಜ್ಜ ಮತಗಟ್ಟೆಯಲ್ಲೇ ಗೀಟು ಹಾಕಿದ್ದರು. ಹಟ್ಟಿಯಿಂದ ಬಂದವರು ನೂರ ಎಂಬತ್ತಾರು. ಮೂರನೆಯ ಸ್ಥಾನಕ್ಕೆ ಅಷ್ಟು ಸಾಲುವುದಿಲ್ಲ ಎಂದು ನನ್ನ ಲೆಕ್ಕ ಹೇಳುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಮೈಕಿನಲ್ಲಿ ನಮ್ಮ ವಾರ್ಡಿನ ಹೆಸರು ಬಂತು. ಮೊದಲ ಎರಡು ಸ್ಥಾನ ಊರಿಗೆ, ಬಹಳ ಅಂತರದಿಂದ. ಆಮೇಲೆ ಮಲ್ಲಣ್ಣ, ಇನ್ನೂರು. ಆಮೇಲೆ ಕೆಂಚಮ್ಮ, ಹೊಲಿಗೆ ಯಂತ್ರ, ಇನ್ನೂರ ಮೂರು.

ಕೂಗಿದವರಲ್ಲಿ ನನ್ನ ದನಿ ಯಾವುದು ಎಂದು ನನಗೇ ತಿಳಿಯಲಿಲ್ಲ. ಮಲ್ಲಣ್ಣ ಮರು ಎಣಿಕೆ ಕೇಳಿದರು. ಕೇಳುವುದು ಅವರ ಹಕ್ಕು ಎಂದು ಚಿಕ್ಕಮ್ಮನೇ ಹೇಳಿದರಂತೆ. ಮತ್ತೆ ಕಾದೆವು. ಮತ್ತೆ ಇನ್ನೂರ ಮೂರು.

ಚಿಕ್ಕಮ್ಮ ಗೇಟಿನಿಂದ ಹೊರಬಂದಾಗ ಹಿಂದೆಯೇ ಮಲ್ಲಣ್ಣನೂ ಬಂದರು.

"ಏನ್ ಕೆಂಚಮ್ಮ, ಮೂರು ಸೀಲು ಕೊಟ್ರೂ ಒಂದೇ ಒತ್ತಿದ್ರಲ್ಲ. ನಿಮ್ಮ ಹಟ್ಟಿಯೋರು ಇಷ್ಟ್ ಜಿಪುಣ್ರು ಅಂತ ಗೊತ್ತಿರ್ಲಿಲ್ಲ."

"ಹೋದ ಸಲ ತುಂಬಿ ಕೊಟ್ಟಿದ್ವಲ್ಲಣ್ಣ. ಪಾತ್ರೆ ನಿಮ್ಮನೇಲೇ ಉಳೀತು."

ಮಲ್ಲಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡು ನಕ್ಕರು. "ಆತು ಬಿಡವ್ವ. ತೊಟ್ಟಿ ಮಾತ್ರ ಕೀಳಿಸಬ್ಯಾಡ. ನಮ್ಮನೆಯೋಳೂ ಅಲ್ಲೇ ಬಟ್ಟೆ ಒಗೆಯೋದು."

"ಅದು ಅಲ್ಲೇ ಇರ್ಲಿ. ಅದರ ಮೇಲಿನ ಕುರಿ ಚಿತ್ರ ಒಂದು ಅಳಿಸಾಣ. ನಮ್ಮದು ಹಟ್ಟಿ ಹತ್ರ ಕಟ್ಟಾಣ."

ಐಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ದಿನಚರಿ ತೆರೆದೆ. ಅಂತರ ಮೂರು. ರಾಮಗಿರಿಯ ನಾಲ್ವರು ಬಾರದಿದ್ದರೆ ನೂರ ತೊಂಬತ್ತೊಂಬತ್ತು, ಸೋಲು. ಹಟ್ಟಿಯವರು ಹೋದ ಸಲದಂತೆ ಮೂರೂ ಒತ್ತಿದ್ದರೆ, ಸೋಲು. ಇನ್ನೊಂದು ಸಾಲು ಬರೆದು ನಿಂತೆ. ಹಟ್ಟಿಯಿಂದ ಮತಗಟ್ಟೆಗೆ ಬಂದವರು ನೂರ ಎಂಬತ್ತಾರು, ಸಿಕ್ಕಿದ್ದು ಇನ್ನೂರ ಮೂರು. ಹಟ್ಟಿಯವರೆಲ್ಲರೂ ಚಿಕ್ಕಮ್ಮನಿಗೇ ಒತ್ತಿದ್ದರೂ ಹದಿನೇಳು ಹೆಚ್ಚು. ಹಟ್ಟಿಯಿಂದ ಏನೂ ವಾಪಸ್ ಬರುವುದಿಲ್ಲ ಎಂದು ಮೊದಲೇ ತಿಳಿದ ಮೇಲೂ ಊರಿನ ಕನಿಷ್ಠ ಹದಿನೇಳು ಜನ ತಮ್ಮ ಮೂರರಲ್ಲಿ ಒಂದನ್ನು ಹಟ್ಟಿಗೆ ಕೊಟ್ಟಿದ್ದರು.

ಚಿಕ್ಕಮ್ಮನಿಗೆ ತೋರಿಸಿದೆ. ಅವರು ಬೆರಳಿನಿಂದ ಸಾಲುಗಳನ್ನು ಸವರಿ ಓದಿದರು.

"ನಿನ್ನ ಲೆಕ್ಕದಾಗೆ ಯಾವಾಗ್ಲೂ ಹೆಚ್ಚೇ ಬರುತ್ತಲ್ಲೇ. ಅಲ್ಲೊಂದು ಮರಿ, ಇಲ್ಲಿ ಹದಿನೇಳು."

"ಯಾರಿರಬಹುದು ಚಿಕ್ಕಮ್ಮ? ಆ ಅಜ್ಜಿಯನ್ನು ಕೇಳಲಾ?"

"ಯಾರನ್ನೂ ಕೇಳಬ್ಯಾಡ. ಯಾರು ಅಂತ ಗೊತ್ತಾದ್ರೆ ನಾನು ಆ ಹದಿನೇಳು ಜನಕ್ಕೇ ಮೆಂಬರ್ ಆಗಿಬಿಡ್ತೀನಿ. ಗೊತ್ತಿಲ್ದಿದ್ರೆ ಊರಿನಾಗೆ ಎದುರು ಬಂದೋರೆಲ್ಲ ಅವರೇ."

ನಾನು ಮಸ್ಕತ್ತಿಗೆ ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಬೆರಳಲ್ಲಿ ಮಸಿ ಇಲ್ಲ, ಆದರೂ ಯಾರಾದರೂ ಈ ಸಲದ ರಜೆ ಹೇಗಿತ್ತು ಎಂದು ಕೇಳಿದರೆ ಎದೆ ಉಬ್ಬಿಸಿಯೇ ಹೇಳುತ್ತೇನೆ: ನಮ್ಮ ಹಟ್ಟಿಗೆ ಮೆಂಬರ್ ಬಂದಿದ್ದಾರೆ, ಹಟ್ಟಿಯವರು ಮತ ಹಾಕಿದ ದಿನ ನಾನು ಅವರ ಕುರಿ ಕಾದಿದ್ದೇನೆ.

ಒಂದು ಕೋರಿಕೆ. ಹೀಗೆ ದೊಡ್ಡ ಊರಿನ ಜೊತೆ ಒಂದೇ ವಾರ್ಡಿಗೆ ಸೇರಿದ ಸಣ್ಣ ಹಟ್ಟಿ, ತಾಂಡಾ, ಕೇರಿಗಳು ಬೇರೆ ಎಲ್ಲಾದರೂ ಗೆದ್ದದ್ದು, ಸೋತದ್ದು ನಿಮಗೆ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ನಾನು ಬಿಟ್ಟ ಮೀಸಲು ಸ್ಥಾನಗಳ ಲೆಕ್ಕ ಬಲ್ಲವರು ಅದನ್ನೂ ಬರೆಯಿರಿ. ನಮ್ಮ ಹಟ್ಟಿಯಿಂದ ಬಹಳ ಹಿಂದೆ ಯಾರಾದರೂ ಸದಸ್ಯರಾಗಿದ್ದರು ಎಂದು ನಿಮ್ಮ ಮನೆಯ ಹಿರಿಯರಿಗೆ ನೆನಪಿದ್ದರೆ ನನ್ನನ್ನು ತಿದ್ದಿ. ಐಮಂಗಲದ ಕಡೆಯ ಓದುಗರೂ ನಮ್ಮಲ್ಲಿ ಇದ್ದಾರೆ, ಅವರಿಗೆ ಇನ್ನೂ ಹೆಚ್ಚು ಗೊತ್ತಿರಬಹುದು. ಏನು ಗೊತ್ತಿದ್ದರೂ ಬರೆಯಿರಿ. ಆ ಹದಿನೇಳು ಜನ ಯಾರು ಎಂದು ಮಾತ್ರ ಬರೆಯಬೇಡಿ.